ಆಂಡ್ರಾಯ್ಡ್ ಬಿಟ್ಟು ಐಫೋನ್ ಹಿಡಿದ ನನ್ನ ನಾಲ್ಕು ತಿಂಗಳು

ಗೌರಿ ಹಬ್ಬದ ಬಾಗಿನದ ಜೊತೆ ಈ ಸಲ ತಮ್ಮ ಒಂದು ಐಫೋನ್ ತಂದುಕೊಟ್ಟ. ಅವನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ತನಗೆ ಹೊಸದು ತಗೊಂಡು, ಅಲ್ಲಿಯವರೆಗೆ ಬಳಸುತ್ತಿದ್ದ ಐಫೋನ್ 15 ಅನ್ನು ನನಗೆ ಅಂತ ಎತ್ತಿಟ್ಟಿದ್ದ. "ಅಕ್ಕಾ, ಎಲ್ಲಾ ಸೆಟ್ ಮಾಡಿ ತಂದಿದ್ದೀನಿ, ನಿನ್ನ ಸಿಮ್ ಹಾಕಿದ್ರೆ ಮುಗೀತು" ಅಂದ. ನನಗೆ ಕಣ್ಣು ತುಂಬಿ ಬಂತು. ನನ್ನ ಹಳೆ ಆಂಡ್ರಾಯ್ಡ್ ಫೋನಿನ ಗಾಜು ಒಂದು ಮೂಲೆಯಲ್ಲಿ ಒಡೆದಿತ್ತು, ಅದಕ್ಕೆ ಟೇಪ್ ಹಚ್ಚಿಕೊಂಡು ದಿನ ದೂಡುತ್ತಿದ್ದೆ. ಹಿಂದಿನ ಸಲ ಬಂದಾಗ ಅದನ್ನು ನೋಡಿಕೊಂಡು ಹೋಗಿದ್ದ.

ನಾಲ್ಕು ತಿಂಗಳು ಅದನ್ನು ಬಳಸಿದೆ. ಏನೇನಾಯಿತು ಅಂತ ಇಲ್ಲಿ ಬರೆಯುತ್ತಿದ್ದೇನೆ. ನನ್ನ ಹಾಗೆ ಅಂಗಡಿ ಇಟ್ಟುಕೊಂಡವರು, ಎರಡು ಸಿಮ್ ಇರುವವರು, ದಿನವಿಡೀ ಕನ್ನಡದಲ್ಲೇ ಬರೆಯುವವರು ಆ ಕಡೆ ಹೋಗುವ ಮೊದಲು ಓದಿಕೊಂಡರೆ ಒಳ್ಳೆಯದು. ಫೋನ್ ಬಗ್ಗೆ ಬರುವ ವಿಡಿಯೋಗಳಲ್ಲಿ ಕ್ಯಾಮೆರಾ, ಚಿಪ್, ಗೇಮ್ ಅಂತ ಗಂಟೆಗಟ್ಟಲೆ ಹೇಳುತ್ತಾರೆ. ನನಗೆ ಕಷ್ಟ ಆಗಿದ್ದು ಯಾವುದೂ ಆ ವಿಡಿಯೋಗಳಲ್ಲಿ ಇರಲಿಲ್ಲ.

ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ ನಮ್ಮದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡ್, ಬಿಲ್ ಬುಕ್, ಫ್ಲೆಕ್ಸ್ ಡಿಸೈನ್, ಇಷ್ಟೇ ಕೆಲಸ. ಮ್ಯಾಟರ್ ಬರುವುದು ವಾಟ್ಸಾಪ್‌ನಲ್ಲಿ, ಅಚ್ಚಿಗೆ ಮೊದಲು ತೋರಿಸುವ ಪ್ರೂಫ್ ಹೋಗುವುದು ವಾಟ್ಸಾಪ್‌ನಲ್ಲಿ, ದುಡ್ಡು ಬರುವುದು ಫೋನ್‌ಗೆ. ಅಂದ್ರೆ ಅರ್ಧ ಅಂಗಡಿ ಫೋನ್ ಒಳಗೇ ಇದೆ.

ಮೊದಲ ದಿನ ವಾಟ್ಸಾಪ್‌ನಿಂದಲೇ ಶುರುವಾಯಿತು. ಹಳೆ ಫೋನಿನಲ್ಲಿ ಸುಮಾರು 12 ಜಿಬಿ ಚಾಟ್ ಇತ್ತು. ಬೇರೆಯವರಿಗೆ ಅದು ಹಳೆ ಮಾತುಕತೆ, ನನಗೆ ಅದು ದಾಖಲೆ. "ಮೇಡಂ ಸರಿ ಇದೆ, ಪ್ರಿಂಟ್ ಹಾಕಿ" ಅಂತ ಗಿರಾಕಿ ಬರೆದ ಸಾಲು ನನ್ನ ಹತ್ತಿರ ಇದ್ದರೆ ಮಾತ್ರ, ಆಮೇಲೆ "ಸೋದರಮಾವನ ಹೆಸರು ಬಿಟ್ಟು ಹೋಗಿದೆ" ಅಂತ ಬಂದಾಗ ಮಾತಾಡಲು ಆಗುತ್ತದೆ. 500 ಕಾರ್ಡ್ ಮತ್ತೆ ಹೊಡೆಯುವ ಖರ್ಚು ಯಾರು ಕೊಡಬೇಕು ಅನ್ನುವುದು ಆ ಒಂದು ಸಾಲಿನ ಮೇಲೆ ನಿಂತಿರುತ್ತದೆ.

ಹಳೆ ಫೋನಿನ ಬ್ಯಾಕಪ್ ಗೂಗಲ್ ಡ್ರೈವ್‌ನಲ್ಲಿತ್ತು. ಐಫೋನ್‌ನಲ್ಲಿ ವಾಟ್ಸಾಪ್ ಹಾಕಿ ನಂಬರ್ ಕೊಟ್ಟರೆ ಅದೇ ಬಂದುಬಿಡುತ್ತದೆ ಅಂದುಕೊಂಡಿದ್ದೆ. ಬರುವುದಿಲ್ಲ. ಐಫೋನ್‌ನ ವಾಟ್ಸಾಪ್ ಐಕ್ಲೌಡ್ ಅನ್ನುವ ಆ್ಯಪಲ್‌ನ ಆನ್‌ಲೈನ್ ಜಾಗದಲ್ಲಿರುವ ಬ್ಯಾಕಪ್ ಮಾತ್ರ ಓದುತ್ತದೆ, ಡ್ರೈವ್‌ನದ್ದನ್ನು ಮುಟ್ಟುವುದೇ ಇಲ್ಲ. ಇರುವುದು ಒಂದೇ ಸರಿಯಾದ ದಾರಿ, ಮೂವ್ ಟು ಐಒಎಸ್ ಅನ್ನುವ ಆ್ಯಪ್ (ಐಒಎಸ್ ಅಂದ್ರೆ ಐಫೋನ್ ನಡೆಸುವ ತಂತ್ರಾಂಶ). 2022ರಿಂದ ಅದರಲ್ಲಿ ವಾಟ್ಸಾಪ್ ಚಾಟ್ ಕೂಡ ಸಾಗಿಸಬಹುದು. ಆದರೆ ಐಫೋನ್ ಹೊಸದಾಗಿರಬೇಕು, ಇಲ್ಲವೇ ಪೂರ್ತಿ ಅಳಿಸಿರಬೇಕು. ಮೊದಲ ಸಲ ಆನ್ ಮಾಡಿ ಸೆಟಪ್ ಮಾಡುವಾಗ ಬರುವ ಪರದೆಯಲ್ಲೇ ಇದು ಆಗಬೇಕು. ಸೆಟಪ್ ದಾಟಿದ ಮೇಲೆ ಆ ಬಾಗಿಲು ಮುಚ್ಚಿತು.

ತಮ್ಮ ಪ್ರೀತಿಯಿಂದ ಎಲ್ಲಾ ಸೆಟ್ ಮಾಡಿ ತಂದಿದ್ದನಲ್ಲ, ಅಲ್ಲೇ ತೊಡಕಾಗಿದ್ದು. ಅಪ್ಪನ ಹಳೆ ಫೋಟೋಗಳನ್ನೆಲ್ಲಾ ಹುಡುಕಿ ಅದರಲ್ಲಿ ಒಂದು ಆಲ್ಬಂ ಮಾಡಿಟ್ಟಿದ್ದ. ಅದನ್ನು ಮೊದಲು ಅವನ ಲ್ಯಾಪ್‌ಟಾಪ್‌ಗೆ ತೆಗೆದಿಟ್ಟು, ಐಫೋನ್ ಪೂರ್ತಿ ಅಳಿಸಿ, ಮತ್ತೆ ಮೊದಲಿನಿಂದ ಕೂತೆವು. ಐಫೋನ್‌ನಲ್ಲಿ ಒಂದು ಕೋಡ್ ಬರುತ್ತದೆ, ಅದನ್ನು ಆಂಡ್ರಾಯ್ಡ್‌ನಲ್ಲಿ ಹೊಡೆಯಬೇಕು. ಎರಡೂ ಫೋನ್ ಚಾರ್ಜಿಗೆ ಹಾಕಿರಬೇಕು. ಆಂಡ್ರಾಯ್ಡ್‌ನಲ್ಲಿ ಆ ಆ್ಯಪ್ ಬಿಟ್ಟು ಬೇರೆ ಏನನ್ನೂ ತೆರೆಯಬಾರದು, ಫೋನ್ ಬಂದರೂ ಎತ್ತಬಾರದು. ನಮ್ಮ ಊರಿನ ಕರೆಂಟ್ ಗೊತ್ತಲ್ಲ, ಮಳೆಗಾಲದ ಕೊನೆ ಬೇರೆ. ಎರಡು ಫೋನನ್ನೂ ಯುಪಿಎಸ್ ಪಕ್ಕ ಇಟ್ಟು, ಹಬ್ಬದ ರಾತ್ರಿ ಅಡುಗೆಮನೆ ಕೆಲಸ ಮುಗಿಸಿ ಬಂದು ಬಂದು ನೋಡುತ್ತಿದ್ದೆ. ನೀಲಿ ಗೆರೆ ಇಷ್ಟಿಷ್ಟೇ ಮುಂದೆ ಹೋಗುತ್ತಿತ್ತು. ಮೊದಲನೇ ಸಲ ನಡುವೆಯೇ ನಿಂತಿತು. ಎರಡನೇ ಸಲ ರಾತ್ರಿ ಒಂದೂವರೆಗೆ ಮುಗಿಯಿತು.

ಚಾಟ್ ಎಲ್ಲಾ ಬಂತು, ಅದು ನಿಜ. ಆದರೆ ಯಾವತ್ತು ಯಾರು ಫೋನ್ ಮಾಡಿದ್ದರು ಅನ್ನುವ ಕರೆಗಳ ಪಟ್ಟಿ ಬರಲಿಲ್ಲ. ಹೆಸರು ಸೇವ್ ಮಾಡದೆ, "ಮೊನ್ನೆ ಸಂಜೆ ಮಾಡಿದ್ದ ನಂಬರ್" ಅಂತಲೇ ನೆನಪಿಟ್ಟುಕೊಂಡ ಗಿರಾಕಿಗಳು ನನಗೆ ಜಾಸ್ತಿ. ಆ ಪಟ್ಟಿಗಾಗಿ ಹಳೆ ಫೋನನ್ನು ಎಸೆಯದೆ ಡ್ರಾಯರ್‌ನಲ್ಲಿ ಇಟ್ಟುಕೊಂಡೆ. ಅದೇ ಆಮೇಲೆ ನನ್ನನ್ನು ಕಾಪಾಡಿತು.

ಇನ್ನೊಂದು ಮಾತು. ಚಾಟ್ ಬಂದ ಮೇಲೆ ಅದಕ್ಕೆ ಐಕ್ಲೌಡ್‌ನಲ್ಲಿ ಬ್ಯಾಕಪ್ ಬೇಕು. ಅಲ್ಲಿ ಪುಕ್ಕಟೆ ಸಿಗುವುದು 5 ಜಿಬಿ. ಗೂಗಲ್‌ನಲ್ಲಿ 15 ಜಿಬಿ ಇತ್ತು, ನನ್ನ 12 ಜಿಬಿ ಹೇಗೋ ಹಿಡಿಯುತ್ತಿತ್ತು. ಇಲ್ಲಿ ಮೊದಲ ದಿನದಿಂದಲೇ ತಿಂಗಳಿಗೆ 75 ರೂಪಾಯಿ ಕಟ್ಟಿ 50 ಜಿಬಿ ತಗೊಂಡೆ.

ಈಗ ಸಿಮ್ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಹಳೆ ಫೋನಿನಲ್ಲಿ ಎರಡು ಸಿಮ್ ಹಾಕಿಕೊಂಡಿದ್ದೆ, ಒಂದು ಅಂಗಡಿಯದ್ದು, ಒಂದು ಮನೆಯದ್ದು. ನನ್ನ ಐಫೋನ್‌ನಲ್ಲಿ ಸಿಮ್ ಕಾರ್ಡ್ ಹಾಕಲು ಒಂದೇ ಜಾಗ. ಎರಡನೆಯದು ಇ-ಸಿಮ್ ಆಗಬೇಕು, ಅಂದ್ರೆ ಕಾರ್ಡ್ ಇಲ್ಲದೆ ಫೋನಿನ ಒಳಗೇ ಇರುವ ಸಿಮ್. ಅಂಗಡಿ ನಂಬರನ್ನು ಇ-ಸಿಮ್ ಮಾಡಿಸೋಣ ಅಂದುಕೊಂಡೆ. ಕಂಪನಿಗೆ ಎಸ್‌ಎಂಎಸ್ ಕಳಿಸಿ, ಮೇಲ್‌ಗೆ ಬಂದ ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾಡಿದೆ. ಮಧ್ಯಾಹ್ನದ ಹೊತ್ತಿಗೆ ನೆಟ್‌ವರ್ಕ್ ಬಂತು, ಕರೆಗಳೂ ಬಂದವು. ಎಸ್‌ಎಂಎಸ್ ಮಾತ್ರ ಬರುತ್ತಿಲ್ಲ, ಹೋಗುತ್ತಲೂ ಇಲ್ಲ. ಫೋನ್ ಕೆಟ್ಟಿದೆ ಅಂತ ಎರಡು ಸಲ ಆಫ್ ಮಾಡಿ ಆನ್ ಮಾಡಿದೆ. ಆಮೇಲೆ ಗೊತ್ತಾಗಿದ್ದು, ಸಿಮ್ ಬದಲಾಯಿಸಿದರೆ 24 ಗಂಟೆ ಎಸ್‌ಎಂಎಸ್ ನಿಲ್ಲಿಸಬೇಕು ಅಂತ ದೂರಸಂಪರ್ಕ ಇಲಾಖೆ 2022ರಲ್ಲೇ ಆದೇಶ ಮಾಡಿದೆ. ನಮ್ಮ ನಂಬರಿನಲ್ಲಿ ಬೇರೆ ಯಾರೋ ಸಿಮ್ ತಗೊಂಡು ಬ್ಯಾಂಕಿನ ದುಡ್ಡು ಹೊಡೆಯಬಾರದು ಅಂತ ಮಾಡಿದ ನಿಯಮ. ಒಳ್ಳೆಯ ನಿಯಮವೇ. ಆದರೆ ಆ 24 ಗಂಟೆ ಓಟಿಪಿ ಇಲ್ಲ, ಯುಪಿಐ ಇಲ್ಲ. ಮೊದಲೇ ಗೊತ್ತಿದ್ದರೆ ಶನಿವಾರ ಸಂಜೆ ಮಾಡಿಸುತ್ತಿದ್ದೆ. ಸೋಮವಾರ ಬೆಳಿಗ್ಗೆ ಮಾಡಿಸಿಕೊಂಡು ಕೂತೆ.

ಮಂಗಳವಾರ ಎಸ್‌ಎಂಎಸ್ ಬಂತು. ಯುಪಿಐ ಆ್ಯಪ್ ಹಾಕಿದೆ. ಇಲ್ಲಿ ಒಂದು ವ್ಯತ್ಯಾಸ ಇದೆ, ಎರಡೂ ಬಳಸಿದವರಿಗೆ ಮಾತ್ರ ಗೊತ್ತಾಗುತ್ತದೆ. ಫೋನನ್ನು ಬ್ಯಾಂಕಿಗೆ ಪರಿಚಯ ಮಾಡಿಸಲು ನಮ್ಮ ಸಿಮ್‌ನಿಂದ ಒಂದು ಎಸ್‌ಎಂಎಸ್ ಹೋಗಬೇಕು. ಆಂಡ್ರಾಯ್ಡ್‌ನಲ್ಲಿ ಆ್ಯಪ್ ಯಾವ ಸಿಮ್ ಅಂತ ಕೇಳಿ, ತಾನೇ ಕಳಿಸಿಬಿಡುತ್ತದೆ. ಐಫೋನ್‌ನಲ್ಲಿ ಯಾವ ಆ್ಯಪ್‌ಗೂ ತಾನಾಗಿ ಎಸ್‌ಎಂಎಸ್ ಕಳಿಸಲು ಬಿಡುವುದಿಲ್ಲ. ಮೆಸೇಜ್ ಪರದೆ ತೆರೆದು, ಅದರಲ್ಲಿ ಅರ್ಥವಾಗದ ಅಕ್ಷರಗಳ ಉದ್ದ ಸಾಲು ತುಂಬಿಸಿ ನಿಲ್ಲಿಸುತ್ತದೆ, ಕಳಿಸುವ ಗುಂಡಿ ನಾವೇ ಒತ್ತಬೇಕು. ನಮ್ಮ ಕೈ ಮೀರಿ ಏನೂ ಹೋಗಬಾರದು ಅಂತ ಹೀಗೆ ಮಾಡಿದ್ದಾರೆ, ಅದೂ ಒಪ್ಪುವ ಮಾತು. ನಾನು ಒತ್ತಿದೆ. ಮೆಸೇಜ್ ಹೋಯಿತು. ಆದರೆ ಹೋಗಿದ್ದು ಮನೆ ನಂಬರಿನಿಂದ, ಬ್ಯಾಂಕಿನಲ್ಲಿರುವುದು ಅಂಗಡಿ ನಂಬರ್. "ನಂಬರ್ ಹೊಂದುತ್ತಿಲ್ಲ" ಅಂತ ಬಂತು. ಮತ್ತೆ ಒತ್ತಿದೆ, ಮತ್ತೆ ಅದೇ. ಮೂರನೇ ಸಲಕ್ಕೆ ಆ್ಯಪ್ ನನ್ನನ್ನು ಹೊರಗೆ ಹಾಕಿ ನಾಳೆ ಬನ್ನಿ ಅಂದಿತು. ತಮ್ಮನಿಗೆ ಫೋನ್ ಮಾಡಿದ ಮೇಲೆ ಗೊತ್ತಾಯಿತು. ಮೆಸೇಜ್ ಪರದೆಯಲ್ಲಿ ಯಾವ ಸಿಮ್ ಅಂತ ಸಣ್ಣದಾಗಿ ಬರೆದಿರುತ್ತದೆ, ಅದನ್ನು ಮುಟ್ಟಿ ಬದಲಾಯಿಸಿ ಆಮೇಲೆ ಕಳಿಸಬೇಕು.

ಬುಧವಾರ ಅದು ಸರಿಯಾಯಿತು. ಶಿವಮೊಗ್ಗದ ಪೇಪರ್ ವ್ಯಾಪಾರಿಗೆ 18,000 ಕಳಿಸಬೇಕಿತ್ತು. ಕಳಿಸಲು ಹೋದರೆ ಸದ್ಯಕ್ಕೆ 5,000ವರೆಗೆ ಮಾತ್ರ ಅಂತ ಬಂತು. ಕೆಳಗೆ ವಿವರವಾಗಿ ಬರೆದಿದ್ದರು, ಹೊಸ ಫೋನ್ ಆದ್ದರಿಂದ ಆಂಡ್ರಾಯ್ಡ್‌ಗೆ 24 ಗಂಟೆ, ಐಫೋನ್‌ಗೆ 72 ಗಂಟೆ ಈ ಮಿತಿ. ನಾನು ಅದನ್ನು ಎರಡು ಸಲ ಓದಿದೆ. ಒಬ್ಬರೇ ಮನುಷ್ಯರು, ಒಂದೇ ಬ್ಯಾಂಕು, ಒಂದೇ ನಂಬರ್. ಫೋನ್ ಬೇರೆ ಆಗಿದ್ದಕ್ಕೆ ಮೂರು ದಿನ. ಕೊನೆಗೆ ನಮ್ಮನೆಯವರ ಫೋನಿನಿಂದ ದುಡ್ಡು ಹಾಕಿಸಿ ಪೇಪರ್ ತರಿಸಿದೆವು. ಸೋಮವಾರ ಶುರುವಾದ ಕೆಲಸ ಶನಿವಾರಕ್ಕೆ ಮುಗಿಯಿತು.

ಇಷ್ಟಾದ ಮೇಲೂ ಎರಡು ಸಿಮ್‌ನ ಗೋಳು ನಿಲ್ಲಲಿಲ್ಲ. ನನ್ನ ಹಳೆ ಫೋನಿನಲ್ಲಿ ನಂಬರ್ ಒತ್ತಿದರೆ ಸಾಕು, ಕೆಳಗೆ ಎರಡು ಸಿಮ್ ತೋರಿಸಿ ಯಾವುದರಿಂದ ಮಾಡಲಿ ಅಂತ ಪ್ರತಿ ಸಲ ಕೇಳುತ್ತಿತ್ತು. ಐಫೋನ್ ಕೇಳುವುದಿಲ್ಲ. ಆ ವ್ಯಕ್ತಿಗೆ ಹಿಂದಿನ ಸಲ ಯಾವುದರಿಂದ ಮಾಡಿದ್ದೆವೋ ಅದರಿಂದಲೇ ಮಾಡುತ್ತದೆ, ಹೊಸಬರಾದರೆ ನಾವು ಮೊದಲೇ ಆರಿಸಿಟ್ಟ ಸಿಮ್‌ನಿಂದ ಮಾಡುತ್ತದೆ. ಹೀಗಾಗಿ ಎಷ್ಟೋ ಗಿರಾಕಿಗಳಿಗೆ ನನ್ನ ಮನೆ ನಂಬರ್ ಹೋಯಿತು. ರಾತ್ರಿ ಹತ್ತು ಗಂಟೆಗೆ "ಮೇಡಂ, ಕಾರ್ಡ್ ಆಯ್ತಾ?" ಅಂತ ಮನೆ ನಂಬರಿಗೆ ಫೋನ್. ಆ ನಂಬರನ್ನು ನಾನು 14 ವರ್ಷದಿಂದ ಅಂಗಡಿಗೆ ಕೊಡದೆ ಕಾಪಾಡಿಕೊಂಡು ಬಂದಿದ್ದೆ. ನನಗೆ ನಿಜವಾಗಿ ಬೇಜಾರಾಗಿದ್ದು ಇದಕ್ಕೆ. ಒಬ್ಬೊಬ್ಬರ ಹೆಸರು ತೆರೆದು ಯಾವ ಸಿಮ್‌ನಿಂದ ಮಾಡಬೇಕು ಅಂತ ಆರಿಸಿಡಬಹುದು. ನನ್ನ ಹತ್ತಿರ ಒಂದು ಸಾವಿರಕ್ಕಿಂತ ಜಾಸ್ತಿ ಹೆಸರಿವೆ.

ಕನ್ನಡ ಟೈಪಿಂಗ್ ಬಗ್ಗೆ ಹೇಳದೆ ಇದ್ದರೆ ಬರೆದಿದ್ದೇ ವ್ಯರ್ಥ.

ನಾನು ಕಂಪ್ಯೂಟರ್‌ನಲ್ಲಿ 'ನುಡಿ' ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶ ಕಲಿತವಳು. ಅದರ ಕೀಲಿಮಣೆ ಕೆ.ಪಿ. ರಾವ್ ಅವರು ಮಾಡಿದ ವಿನ್ಯಾಸ. ನನಗೆ ಅದು ಬೆರಳಿನಲ್ಲೇ ಇದೆ, ಯೋಚನೆ ಮಾಡಬೇಕಾಗಿಲ್ಲ. 'ಕನ್ನಡ' ಅಂತ ಬರೆಯಲು ಐದೇ ಕೀಲಿ, ಕೆ, ಎನ್, ಎಫ್, ಎನ್, ಡಬ್ಲ್ಯೂ. ಎಫ್ ಒತ್ತಿದರೆ ಒತ್ತಕ್ಷರ, ಡಬ್ಲ್ಯೂ ಒತ್ತಿದರೆ ಡ. ಆಂಡ್ರಾಯ್ಡ್‌ನಲ್ಲಿ ಈ ವಿನ್ಯಾಸ ಇರುವ ಕೀಬೋರ್ಡ್ ಆ್ಯಪ್ ಹಾಕಿಕೊಂಡಿದ್ದೆ. ಅಂಗಡಿಯ ಕಂಪ್ಯೂಟರ್, ಕೈಯಲ್ಲಿರುವ ಫೋನ್, ಎರಡಕ್ಕೂ ಒಂದೇ ಬೆರಳಾಟ. ಬಸ್ಸಿನಲ್ಲಿ ಕೂತು ಒಂದು ಇಡೀ ಲಗ್ನಪತ್ರಿಕೆಯ ಮ್ಯಾಟರ್ ಹೊಡೆದು ಮುಗಿಸಿದ್ದೂ ಇದೆ.

ಐಫೋನ್‌ನಲ್ಲಿ ಕನ್ನಡ ಕೀಬೋರ್ಡ್ ಇಲ್ಲ ಅಂತ ಯಾರೂ ತಿಳಿಯಬೇಡಿ, ಇದೆ. 2017ರ ಐಒಎಸ್ 11ರಿಂದ ಫೋನಿನ ಜೊತೆಗೇ ಬರುತ್ತಿದೆ. 2024ರ ಐಒಎಸ್ 18ರಲ್ಲಿ ಅಆಇಈ ಅಂತ ವರ್ಣಮಾಲೆಯ ಸಾಲಿನಲ್ಲೇ ಇರುವ ಇನ್ನೊಂದು ವಿನ್ಯಾಸವನ್ನೂ ಕೊಟ್ಟಿದ್ದಾರೆ. ಹೊಸದಾಗಿ ಕಲಿಯುವವರಿಗೆ ಅದು ಚೆನ್ನಾಗಿದೆ. ನನ್ನ ಬೆರಳಿಗೆ ಬೇಕಾದ ವಿನ್ಯಾಸ ಮಾತ್ರ ಅದರಲ್ಲಿ ನನಗೆ ಸಿಗಲಿಲ್ಲ. ಹೊರಗಿನ ಒಂದು ಕೀಬೋರ್ಡ್ ಆ್ಯಪ್ ಹಾಕಿಕೊಂಡೆ. ಹೊರಗಿನ ಕೀಬೋರ್ಡ್‌ಗೆ ಐಫೋನ್‌ನಲ್ಲಿ ಜಾಗ ಇದೆ, ಆದರೆ ಅತಿಥಿಯ ಜಾಗ. ಪಾಸ್‌ವರ್ಡ್ ಹೊಡೆಯುವ ಕಡೆ ಬಂದರೆ ಅದನ್ನು ಸರಿಸಿ ಫೋನಿನ ಸ್ವಂತ ಕೀಬೋರ್ಡ್ ಬರುತ್ತದೆ. ಆಮೇಲೆ ವಾಪಸ್ ವಾಟ್ಸಾಪ್‌ಗೆ ಬಂದರೆ ಎಷ್ಟೋ ಸಲ ನನ್ನದು ಇರುತ್ತಿರಲಿಲ್ಲ, ಗೋಳದ ಗುರುತು ಒತ್ತಿ ಒತ್ತಿ ಕರೆಯಬೇಕಿತ್ತು. ನೋಡದೆ ಹೊಡೆಯುವ ಅಭ್ಯಾಸ ನನ್ನದು. ತಲೆ ಎತ್ತಿ ನೋಡಿದರೆ ಅರ್ಧ ಸಾಲು ಇಂಗ್ಲಿಷ್ ಅಕ್ಷರದಲ್ಲಿ ಬಿದ್ದಿರುತ್ತಿತ್ತು, ಅದರ ಮೇಲೆ ಫೋನ್ ತನಗೆ ಗೊತ್ತಿರುವ ಇಂಗ್ಲಿಷ್ ಪದವಾಗಿ ತಿದ್ದಿ ಬೇರೆ ಇಟ್ಟಿರುತ್ತಿತ್ತು.

ಮಾತಾಡಿ ಬರೆಸುವುದರಲ್ಲೂ ಹಾಗೇ. ಆಂಡ್ರಾಯ್ಡ್‌ನ ಜಿಬೋರ್ಡ್ ಅನ್ನುವ ಗೂಗಲ್ ಕೀಬೋರ್ಡ್‌ನಲ್ಲಿ ಮೈಕ್ ಒತ್ತಿ ಕನ್ನಡದಲ್ಲಿ ಹೇಳಿದರೆ ಬರೆದುಕೊಳ್ಳುತ್ತದೆ, 2017ರಿಂದ ಇದೆ. ನಾನು ಅಡುಗೆ ಮಾಡುತ್ತಾ ಹಾಗೆಯೇ ಉತ್ತರ ಕೊಡುತ್ತಿದ್ದೆ. ಐಫೋನ್‌ನಲ್ಲಿ ಹೊರಗಿನ ಕೀಬೋರ್ಡ್‌ಗೆ ಮೈಕ್ ಬಳಸಲು ಬಿಡುವುದಿಲ್ಲ. ಕದ್ದು ಕೇಳಬಾರದು ಅಂತ ಇಟ್ಟ ನಿಯಮ, ಆ ಕಾರಣ ನನಗೆ ಅರ್ಥವಾಗುತ್ತದೆ. ಆದರೆ ಹಿಟ್ಟಿನ ಕೈಯಲ್ಲಿ ನಿಂತು "ಅರ್ಧ ಗಂಟೆ ಬಿಟ್ಟು ಪ್ರೂಫ್ ಕಳಿಸುತ್ತೇನೆ" ಅಂತ ಹೇಳಲು ಆಗದೆ ಹೋದಾಗ, ನಾನು ಕಳೆದುಕೊಂಡಿದ್ದು ಏನು ಅಂತ ನನಗೇ ಗೊತ್ತು.

ಫೋನಿನಲ್ಲಿ ಕನ್ನಡ ಅಂದಾಗ ನನಗೆ ಹಳೆಯದೆಲ್ಲಾ ನೆನಪಾಗುತ್ತದೆ. ಮೊದಮೊದಲು ಬಹಳಷ್ಟು ಆಂಡ್ರಾಯ್ಡ್ ಫೋನ್‌ಗಳಲ್ಲೂ ಕನ್ನಡ ಅಂದರೆ ಬರೀ ಚೌಕ ಚೌಕ ಡಬ್ಬಿ. 2012ರ ಆಂಡ್ರಾಯ್ಡ್ 4.1 ಬಂದ ಮೇಲೆ ಅಕ್ಷರ ಕಾಣತೊಡಗಿತು. 2014ರ ಆಂಡ್ರಾಯ್ಡ್ 5ರಲ್ಲಿ ಫೋನಿನ ಮೆನುವೇ ಕನ್ನಡಕ್ಕೆ ಬಂತು. ನಮ್ಮ ಅತ್ತೆಯವರು ಫೋನ್ ಕಲಿತಿದ್ದು ಆ ಮೆನುವಿನಿಂದ. 'ಸೆಟ್ಟಿಂಗ್‌ಗಳು' ಅಂತ ಕನ್ನಡದಲ್ಲಿ ಕಂಡ ದಿನ ಅವರು ಧೈರ್ಯವಾಗಿ ತಾವೇ ಒಳಗೆ ಹೋಗಿ ಅಕ್ಷರ ದಪ್ಪ ಮಾಡಿಕೊಂಡರು, ಯಾರನ್ನೂ ಕೇಳಲಿಲ್ಲ. ಐಫೋನ್‌ನ ಮೆನು ಕನ್ನಡಕ್ಕೆ ಬಂದಿದ್ದು 2025ರಲ್ಲಿ, ಐಒಎಸ್ 18.4ರ ಜೊತೆ. ತಮಿಳು, ತೆಲುಗು, ಮಲಯಾಳಂ, ಮರಾಠಿ ಎಲ್ಲವೂ ಅದೇ ಸಲ ಬಂದವು. ಅಲ್ಲಿಯವರೆಗೆ ನಮ್ಮ ದೇಶದ ಭಾಷೆಗಳಲ್ಲಿ ಹಿಂದಿಗೆ ಮಾತ್ರ ಆ ಜಾಗ ಇತ್ತು. ನಡುವೆ ಹನ್ನೊಂದು ವರ್ಷ. ಬಂತಲ್ಲ, ಸಂತೋಷ. ನಾನೂ ಮೊದಲ ವಾರವೇ ಕನ್ನಡಕ್ಕೆ ಬದಲಾಯಿಸಿ ಇಟ್ಟುಕೊಂಡೆ, ಅನುವಾದವೂ ಚೆನ್ನಾಗಿದೆ. ಆದರೆ ಹನ್ನೊಂದು ವರ್ಷ ಅಂದ್ರೆ ಒಂದು ಮಗು ಹುಟ್ಟಿ, ಅಕ್ಷರ ಕಲಿತು ಐದನೇ ಕ್ಲಾಸಿಗೆ ಬರುವಷ್ಟು ಕಾಲ.

ಎಲ್ಲಕ್ಕಿಂತ ಕಷ್ಟದ ದಿನ ಇನ್ನೊಂದಿದೆ.

ಕಾರ್ತಿಕ ಮಾಸದ ಒಂದು ಬೆಳಿಗ್ಗೆ ಇಬ್ಬರು ಬಂದರು, ಅಣ್ಣ ತಮ್ಮ. ತಂದೆ ತೀರಿಕೊಂಡಿದ್ದರು. ವೈಕುಂಠ ಸಮಾರಾಧನೆಗೆ ಕಾರ್ಡ್ ಬೇಕು, ಒಂದು ಫ್ಲೆಕ್ಸ್ ಬೇಕು. ಫೋಟೋ ಅಂತ ಇದ್ದಿದ್ದು ಒಂದೇ, ಗೋಡೆಯಲ್ಲಿ ನೇತುಹಾಕಿದ್ದ ಚೌಕಟ್ಟಿನ ಫೋಟೋ. ಟವೆಲ್‌ನಲ್ಲಿ ಸುತ್ತಿಕೊಂಡು ತಂದಿದ್ದರು. ಗಾಜು ತೆಗೆದರೆ ಫೋಟೋ ಅಂಟಿಕೊಂಡು ಹರಿಯುತ್ತದೆ ಅನ್ನುವ ಭಯ, ಸ್ಕ್ಯಾನರ್‌ನಲ್ಲಿ ಇಡಲು ಆಗುವುದಿಲ್ಲ. ಬಾಗಿಲ ಹತ್ತಿರ ಬೆಳಕಿಗೆ ಒರಗಿಸಿ, ಹಿಂದೆ ಕಪ್ಪು ಬಟ್ಟೆ ಹಿಡಿಸಿ, ಗಾಜಿನಲ್ಲಿ ನೆರಳು ಬೀಳದ ಹಾಗೆ ಐಫೋನ್‌ನಲ್ಲಿ ತೆಗೆದೆ. ಫೋಟೋ ಬಹಳ ಚೆನ್ನಾಗಿ ಬಂತು. ಹಣೆಯ ಗೆರೆ, ಅಂಗಿಯ ಗುಂಡಿ, ಎಲ್ಲಾ ಸ್ಪಷ್ಟ. ಕ್ಯಾಮೆರಾ ವಿಷಯದಲ್ಲಿ ನಾನು ಒಂದು ಮಾತೂ ಆಡುವುದಿಲ್ಲ.

ಕೇಬಲ್ ಹಾಕಿ ಕಂಪ್ಯೂಟರ್‌ಗೆ ಜೋಡಿಸಿದೆ. ಫೋಟೋ ಎಳೆದು ಹಾಕಿದರೆ ಅರ್ಧಕ್ಕೆ ನಿಂತು, ಜೋಡಿಸಿದ ಸಾಧನ ಕೆಲಸ ಮಾಡುತ್ತಿಲ್ಲ ಅಂತ ಸಂದೇಶ ಬಂತು. ಕೇಬಲ್ ಬದಲಾಯಿಸಿದೆ, ಮತ್ತೆ ಅದೇ. ತಮ್ಮನಿಗೆ ಫೋನ್ ಮಾಡಿದೆ. "ಅಕ್ಕಾ, ಸೆಟ್ಟಿಂಗ್ಸ್‌ನಲ್ಲಿ ಫೋಟೋಸ್‌ಗೆ ಹೋಗಿ ಕೆಳಗೆ ನೋಡು, ಆಟೋಮ್ಯಾಟಿಕ್ ಅಂತ ಇರುತ್ತೆ, ಅದನ್ನ ಒರಿಜಿನಲ್ ಅಂತ ಮಾಡು" ಅಂದ. ಮಾಡಿದೆ. ಈಗ ಫೈಲ್ ಬಂತು. ಡಿಸೈನ್ ಮಾಡುವ ಕೋರೆಲ್ ತಂತ್ರಾಂಶದಲ್ಲಿ ತೆರೆಯಲು ಹೋದರೆ ತೆರೆಯುತ್ತಿಲ್ಲ. ಹೆಸರಿನ ಕೊನೆಯಲ್ಲಿ ಜೆಪಿಜಿ ಬದಲು ಎಚ್‌ಇಐಸಿ ಅಂತ ಇದೆ. ನಮ್ಮ ಅಂಗಡಿಯ ಕೋರೆಲ್ ಹಳೆಯದು, ಅದಕ್ಕೆ ಈ ಜಾತಿಯ ಫೈಲ್ ಗೊತ್ತೇ ಇಲ್ಲ.

ಆಮೇಲೆ ನಿಧಾನವಾಗಿ ಅರ್ಥ ಮಾಡಿಕೊಂಡೆ. ಐಒಎಸ್ 11ರಿಂದ ಐಫೋನ್ ಫೋಟೋಗಳನ್ನು ಎಚ್‌ಇಐಸಿ ಅನ್ನುವ ರೂಪದಲ್ಲಿ ಇಡುತ್ತದೆ. ಜಾಗ ಕಡಿಮೆ ಸಾಕು, ಅದಕ್ಕೆ ಹಾಗೆ. ಕಂಪ್ಯೂಟರ್‌ಗೆ ಹಾಕುವಾಗ 'ಆಟೋಮ್ಯಾಟಿಕ್' ಇದ್ದರೆ ದಾರಿಯಲ್ಲೇ ಜೆಪಿಜಿ ಮಾಡಿ ಕೊಡಲು ನೋಡುತ್ತದೆ. ಹಾಗೆ ಬದಲಾಯಿಸುವಾಗಲೇ ಕೆಲವು ಸಲ ಕೊಂಡಿ ಕಡಿದುಹೋಗುತ್ತದೆ. 'ಒರಿಜಿನಲ್' ಇಟ್ಟರೆ ಕಡಿಯುವುದಿಲ್ಲ, ಆದರೆ ಎಚ್‌ಇಐಸಿಯೇ ಬರುತ್ತದೆ. ಸರಿಯಾದ ಪರಿಹಾರ ಬೇರೆ ಕಡೆ ಇದೆ, ಕ್ಯಾಮೆರಾದ ಸೆಟ್ಟಿಂಗ್‌ನಲ್ಲಿ ಫಾರ್ಮ್ಯಾಟ್ಸ್ ಅಂತ ಇರುವ ಕಡೆ ಹೋಗಿ 'ಹೆಚ್ಚು ಹೊಂದುವ' ಅನ್ನುವ ಅರ್ಥದ ಆಯ್ಕೆ ಮಾಡಿದರೆ ಅಲ್ಲಿಂದ ಮುಂದೆ ತೆಗೆದಿದ್ದೆಲ್ಲಾ ಜೆಪಿಜಿ. ಅಂಗಡಿ ಕೆಲಸಕ್ಕೆ ಐಫೋನ್ ಬಳಸುವವರು ಮೊದಲ ದಿನವೇ ಇದನ್ನು ಮಾಡಿಡಿ.

ಆ ದಿನ ನನಗೆ ಇದು ಯಾವುದೂ ಗೊತ್ತಿರಲಿಲ್ಲ. ಆ ಇಬ್ಬರೂ ಬೆಂಚಿನ ಮೇಲೆ ಕೂತಿದ್ದರು. ಚಿಕ್ಕವನು ಫೋಟೋವನ್ನು ತೊಡೆ ಮೇಲೆ ಇಟ್ಟುಕೊಂಡು, ಗಾಜಿನ ಮೇಲೆ ಬಿದ್ದ ನನ್ನ ಬೆರಳಿನ ಗುರುತನ್ನು ಟವೆಲ್‌ನ ತುದಿಯಿಂದ ಒರೆಸುತ್ತಿದ್ದ. ದೊಡ್ಡವನು ಎರಡು ಸಲ "ತೊಂದ್ರೆ ಇಲ್ಲ ಅಕ್ಕ, ನಿಧಾನ ಮಾಡಿ" ಅಂದ. ಅವರಿಗೆ ಇನ್ನೂ ಪುರೋಹಿತರ ಮನೆಗೆ ಹೋಗಬೇಕಿತ್ತು, ಸಾಮಾನು ತರಬೇಕಿತ್ತು. ನನಗೆ ತಡೆದುಕೊಳ್ಳಲು ಆಗಲಿಲ್ಲ. ಡ್ರಾಯರ್ ಎಳೆದು ಹಳೆ ಫೋನ್ ತೆಗೆದೆ, ಸ್ವಲ್ಪ ಚಾರ್ಜ್ ಇತ್ತು. ಒಂದು ಫೋಟೋ ತೆಗೆದು ಕೇಬಲ್ ಹಾಕಿದೆ. ಪೆನ್‌ಡ್ರೈವ್ ತೆರೆದ ಹಾಗೆ ಫೋಲ್ಡರ್ ತೆರೆಯಿತು. ಎರಡು ನಿಮಿಷದಲ್ಲಿ ಅವರ ತಂದೆಯ ಮುಖ ಕೋರೆಲ್‌ನಲ್ಲಿ ಇತ್ತು.

ಫೈಲ್ ಬಗ್ಗೆ ಇನ್ನೊಂದು ವಿಷಯ. ಆಂಡ್ರಾಯ್ಡ್ ಫೋನನ್ನು ಕಂಪ್ಯೂಟರ್‌ಗೆ ಹಾಕಿದರೆ ಡೌನ್‌ಲೋಡ್, ಡಾಕ್ಯುಮೆಂಟ್, ವಾಟ್ಸಾಪ್‌ನ ಫೋಲ್ಡರ್, ಎಲ್ಲಾ ಕಾಣುತ್ತದೆ. ಗಿರಾಕಿ ಕಳಿಸಿದ ಪಿಡಿಎಫ್ ಹುಡುಕಿ ಎಳೆದುಕೊಳ್ಳಬಹುದು. ವಿಂಡೋಸ್‌ಗೆ ಐಫೋನ್ ಹಾಕಿದರೆ ನೇರವಾಗಿ ಕಾಣುವುದು ಫೋಟೋ ಮತ್ತು ವಿಡಿಯೋ ಮಾತ್ರ. ಪಿಡಿಎಫ್ ಬೇಕಾದರೆ ವಾಟ್ಸಾಪ್‌ನಿಂದ ಫೈಲ್ಸ್ ಅನ್ನುವ ಆ್ಯಪ್‌ಗೆ ಉಳಿಸಿ, ಅಲ್ಲಿಂದ ಬೇರೆ ದಾರಿ ಹಿಡಿಯಬೇಕು. ಪ್ರತಿ ಆ್ಯಪ್‌ಗೂ ಬೇರೆ ಬೇರೆ ಪೆಟ್ಟಿಗೆ, ಒಬ್ಬರ ಪೆಟ್ಟಿಗೆಗೆ ಇನ್ನೊಬ್ಬರು ಕೈ ಹಾಕುವ ಹಾಗಿಲ್ಲ. ಪೆನ್‌ಡ್ರೈವ್ ಮಾತ್ರ ಪರವಾಗಿಲ್ಲ. ಐಫೋನ್ 15ರಿಂದ ಸಿ ಟೈಪ್ ಪಿನ್ ಕೊಟ್ಟಿರುವುದರಿಂದ ನನ್ನ ಹಳೆ ಸಿ ಟೈಪ್ ಪೆನ್‌ಡ್ರೈವೇ ಕೂತಿತು, ಫೈಲ್ಸ್‌ನಲ್ಲಿ ಕಂಡಿತು.

ಹಿಂದೆ ಹೋಗುವ ವಿಷಯ ಚಿಕ್ಕದು, ಆದರೆ ದಿನಕ್ಕೆ ನೂರು ಸಲ ಬರುತ್ತದೆ. ಆಂಡ್ರಾಯ್ಡ್‌ನಲ್ಲಿ ಪರದೆಯ ಎಡ ಬಲ ಯಾವ ಅಂಚಿನಿಂದ ಎಳೆದರೂ ಹಿಂದಕ್ಕೆ ಹೋಗುತ್ತದೆ, ಎಲ್ಲಾ ಆ್ಯಪ್‌ನಲ್ಲೂ. ಐಫೋನ್‌ನಲ್ಲಿ ಎಡದಿಂದ ಬಲಕ್ಕೆ ಎಳೆದರೆ ಮಾತ್ರ, ಅದೂ ಕೆಲವು ಆ್ಯಪ್‌ಗಳಲ್ಲಿ ಇಲ್ಲ. ಆಗ ಮೇಲಿನ ಎಡ ಮೂಲೆಯ ಬಾಣಕ್ಕೇ ಹೋಗಬೇಕು, ನನ್ನ ಹೆಬ್ಬೆರಳು ಅಲ್ಲಿಗೆ ಮುಟ್ಟುವುದಿಲ್ಲ.

ಒಳ್ಳೆಯದನ್ನೂ ಹೇಳಬೇಕು, ಇಲ್ಲದಿದ್ದರೆ ತಪ್ಪಾಗುತ್ತದೆ. ನನ್ನ ಹಳೆ ಫೋನಿಗೆ ಎರಡು ವರ್ಷಕ್ಕೇ ಅಪ್‌ಡೇಟ್ ನಿಂತಿತ್ತು. ಐಫೋನ್‌ನಲ್ಲಿ ಹಾಗಿಲ್ಲ, 2015ರ ಐಫೋನ್ 6ಎಸ್‌ಗೆ 2021ರ ಐಒಎಸ್ 15 ಕೂಡ ಸಿಕ್ಕಿತ್ತು. ಹಳೆ ಫೋನಿನಲ್ಲಿ ನಾನು ಕೇಳದ ಆ್ಯಪ್‌ಗಳು ಹತ್ತಾರು ಇದ್ದವು, ಸಾಲದ ಜಾಹೀರಾತು ದಿನಕ್ಕೆ ನಾಲ್ಕು ಸಲ ಮೇಲಿಂದ ಇಳಿಯುತ್ತಿತ್ತು. ಐಫೋನ್‌ನಲ್ಲಿ ಆ ಕಿರಿಕಿರಿ ಇಲ್ಲವೇ ಇಲ್ಲ. ಯಾವುದಾದರೂ ಆ್ಯಪ್ ನನ್ನ ಬೆನ್ನು ಹತ್ತಬೇಕಾದರೆ ಮೊದಲು ಅನುಮತಿ ಕೇಳಬೇಕು, ಬೇಡ ಅಂದರೆ ಮುಗಿಯಿತು. ಇದು ನನಗೆ ಬಹಳ ಇಷ್ಟವಾಯಿತು. ಮಗಳ ಡ್ಯಾನ್ಸ್ ವಿಡಿಯೋ ಇಷ್ಟು ಚೆನ್ನಾಗಿ ಯಾವತ್ತೂ ಬಂದಿರಲಿಲ್ಲ.

ತಮ್ಮ ಅನ್ನುತ್ತಾನೆ, "ಅಕ್ಕಾ, ನೀನು ಇದನ್ನ ಆಂಡ್ರಾಯ್ಡ್ ಥರ ನಡೆಸೋಕೆ ನೋಡ್ತೀಯ, ಅದಕ್ಕೇ ಕಷ್ಟ." ಅವನ ಮಾತಿನಲ್ಲಿ ಅರ್ಧ ನಿಜ ಇದೆ. ಅವನಿಗೆ ಒಂದೇ ಸಿಮ್, ಆಫೀಸಿನಲ್ಲಿ ಮ್ಯಾಕ್, ಬರೆಯುವುದೆಲ್ಲಾ ಇಂಗ್ಲಿಷ್. ಅವನ ದಿನಕ್ಕೆ ಆ ಫೋನ್ ಸರಿಯಾಗಿ ಹೊಂದುತ್ತದೆ. ನನ್ನ ದಿನ ಬೇರೆ. ಎರಡು ನಂಬರ್, ಹಳೆ ವಿಂಡೋಸ್, ಕೆ.ಪಿ. ರಾವ್ ಕೀಲಿಮಣೆ, ಗಿರಾಕಿಯ ಪೆನ್‌ಡ್ರೈವ್. ನಾನು ಫೋನನ್ನು ಕಲಿಯಲು ಸಿದ್ಧಳಿದ್ದೆ, ಕಲಿತೆ ಕೂಡ. ಆದರೆ ನನ್ನ ಅಂಗಡಿಯನ್ನೇ ಫೋನಿಗೆ ತಕ್ಕ ಹಾಗೆ ತಿರುಗಿಸಲು ಆಗುವುದಿಲ್ಲ ಅಲ್ವಾ.

ಧನುರ್ಮಾಸ ಬರುವವರೆಗೆ ಕಾದೆ. ಆಗ ಮದುವೆ ಇರುವುದಿಲ್ಲ, ಅಂಗಡಿಯಲ್ಲಿ ಕೆಲಸ ಕಡಿಮೆ. ಒಂದು ಶನಿವಾರ ಸಂಜೆ ಅಂಗಡಿ ನಂಬರಿನ ಇ-ಸಿಮ್ ತೆಗೆಸಿ ಮತ್ತೆ ಕಾರ್ಡ್ ಸಿಮ್ ಮಾಡಿಸಿದೆ. ಈ ಸಲ 24 ಗಂಟೆ ಎಸ್‌ಎಂಎಸ್ ಬರುವುದಿಲ್ಲ ಅಂತ ಮೊದಲೇ ಗೊತ್ತಿತ್ತು, ಪೇಪರ್ ವ್ಯಾಪಾರಿಗೆ ಶುಕ್ರವಾರವೇ ದುಡ್ಡು ಹಾಕಿದ್ದೆ. ಹಳೆ ಫೋನಿಗೆ 1,600 ರೂಪಾಯಿ ಕೊಟ್ಟು ಹೊಸ ಗಾಜು ಹಾಕಿಸಿ, ಅಂಗಡಿ ಸಿಮ್ ಅದಕ್ಕೆ ಹಾಕಿದೆ. ಈ ನಾಲ್ಕು ತಿಂಗಳ ಚಾಟ್ ಐಫೋನ್‌ನಿಂದ ವಾಪಸ್ ತರುವುದು ಇನ್ನೊಂದು ರಾತ್ರಿಯ ಕೆಲಸ ಆಯಿತು. ವಾಟ್ಸಾಪ್‌ನ ಸೆಟ್ಟಿಂಗ್‌ನಲ್ಲಿ ಅದಕ್ಕೂ ಒಂದು ದಾರಿ ಇದೆ, ಅದನ್ನು ಬೇರೆಯೇ ಬರೆಯುತ್ತೇನೆ.

ಐಫೋನ್ ಈಗ ಮನೆ ನಂಬರಿಗೆ. ತಮ್ಮ ಸಂಕ್ರಾಂತಿಗೆ ಬಂದಾಗ ಹೇಳಿದೆ, ಸ್ವಲ್ಪ ಅಳುಕಿತ್ತು. ಅವನು ಬೇಜಾರು ಮಾಡಿಕೊಳ್ಳಲಿಲ್ಲ, ಅಪ್ಪನ ಆಲ್ಬಂ ಮಾತ್ರ ಮತ್ತೆ ಹಾಕಿಕೊಟ್ಟ. ಮನೆ ನಂಬರ್ ಹಿಡಿದುಕೊಂಡ ಗಿರಾಕಿಗಳಿಗೆ ದಿನಾ ಸಂಜೆ ಒಬ್ಬೊಬ್ಬರಿಗೆ ಮೆಸೇಜ್ ಹಾಕಿ ಅಂಗಡಿ ನಂಬರ್ ಕೊಡುತ್ತಿದ್ದೇನೆ. ಇನ್ನೂ ನಲವತ್ತು ಜನ ಬಾಕಿ ಇದ್ದಾರೆ.